ಕಾರವಾನಿನ ಮೂಗಿನ ಭಾರ

ನನ್ನವರು ತಮ್ಮ ಬಾಪನಿಗೆ, ಅಂದರೆ ನನ್ನ ಮಾವನಿಗೆ, ಎದುರು ಮಾತಾಡಿದ್ದನ್ನು ಮದುವೆಯಾದ ಅಷ್ಟು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿರಲಿಲ್ಲ. ಉಪ್ಪೇ ಬೀಳದ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಬಾಪ ಅಂದರೂ ಹೌದೆಂದು ತಲೆಯಾಡಿಸುವ ಪೈಕಿ. ನಮ್ಮ ಬ್ಯಾರಿ ಮನೆಗಳಲ್ಲಿ ತಂದೆಗೆ ಮರ್ಯಾದೆ ಕೊಡುವುದು ಹೊಸದೇನೂ ಅಲ್ಲ. ನನ್ನ ತವರಿನಲ್ಲೂ ಕೊಡುತ್ತಿದ್ದರು. ಆದರೆ ನನ್ನ ಅಣ್ಣಂದಿರು ತಂದೆಯ ಜೊತೆ ಬೀದಿಗೆ ಕೇಳುವಷ್ಟು ಜೋರಾಗಿ ವಾದ ಮಾಡಿ, ಆಮೇಲೆ ಅದೇ ಚಾಪೆಯಲ್ಲಿ ಕೂತು ಉಣ್ಣುತ್ತಿದ್ದರು. ಇವರದು ಹಾಗಲ್ಲ. ಬಾಪ ಕೋಣೆಗೆ ಬಂದರೆ ಎದ್ದು ನಿಲ್ಲಬೇಕು, ಅವರ ಮಾತು ಮುಗಿಯುವವರೆಗೆ ನೆಲ ನೋಡಬೇಕು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಈ ತಲೆಯಾಡಿಸುವುದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅದರಿಂದ ಯಾರಿಗೂ ಕೆಡುಕಾಗದು ಎಂದುಕೊಂಡಿದ್ದೆ, ಆ ಶುಕ್ರವಾರದವರೆಗೆ.

ಆ ಚಳಿಗಾಲ ಮಾವ ವಿಸಿಟ್ ವೀಸಾದಲ್ಲಿ ಕುವೈತಿಗೆ ಬಂದಿದ್ದರು. ಅತ್ತೆ ನಾದಿನಿಯ ಬಾಣಂತನವೆಂದು ಊರಲ್ಲೇ ಉಳಿದಿದ್ದರು. ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲಾಟಿನಲ್ಲಿ ಒಂದು ಹಾಲ್, ಒಂದು ಬೆಡ್‌ರೂಮ್, ಬಟ್ಟೆ ಒಣಗಿಸಲು ಒಂದು ಕೈಯಗಲದ ಬಾಲ್ಕನಿ. ನಾನು ಒಂದು ಕ್ಲಿನಿಕ್ಕಿನ ಬಿಲ್ಲಿಂಗ್ ಕೌಂಟರಿನಲ್ಲಿದ್ದೆ, ಇವರು ಕಂಪೆನಿಗೆ ಹೋಗುತ್ತಿದ್ದರು, ಮಗಳು ಶಾಲೆಗೆ. ಮಾವ ಬೆಳಿಗ್ಗೆ ಫಜರ್ ನಮಾಜು ಮುಗಿಸಿ ಸಮುದ್ರದ ದಂಡೆಗೆ ನಡೆದು ಹೋಗಿ, ಬಿಸಿಲೇರಿದ ಮೇಲೆ ವಾಪಸು ಬಂದು, ಟಿವಿಯ ಎದುರು ಕೂತರೆ ಸಂಜೆಯವರೆಗೂ ಅಲ್ಲೇ. ಚಾನೆಲ್ ಬದಲಿಸಲಿಕ್ಕೂ ಮೊಮ್ಮಗಳು ಬರಬೇಕು. ಅವಳು ಇಂಗ್ಲಿಷಿನಲ್ಲಿ ಏನೋ ಹೇಳುತ್ತಾಳೆ, ಮಾವ ಬ್ಯಾರಿಯಲ್ಲಿ ಏನೋ ಹೇಳುತ್ತಾರೆ, ಇಬ್ಬರೂ ನಗುತ್ತಾರೆ. ಊರಲ್ಲಿ ಒಂದು ಕ್ಷಣ ಕೈ ಕಟ್ಟಿ ಕೂತವರಲ್ಲ ಅವರು. ಇಲ್ಲಿ ಅವರ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿರುವುದನ್ನು ನೋಡಿದರೆ ನನಗೇ ಪಾಪ ಅನ್ನಿಸುತ್ತಿತ್ತು.

ಆ ಕೈಗಳ ಕಥೆ ಏನೆಂದರೆ, ಮಾವ ನೇತ್ರಾವತಿಯಲ್ಲಿ ಹಂಚಿನ ದೋಣಿ ನಡೆಸಿದವರು. ಹಂಚಿನ ಕಾರ್ಖಾನೆಗಳಿಂದ ಹಂಚು ತುಂಬಿಸಿಕೊಂಡು ಬಂದರಿನ ಧಕ್ಕೆಗೆ ತಲುಪಿಸುವ ಕೆಲಸ. ಸೇತುವೆ, ಲಾರಿ ಎಲ್ಲ ಬಂದು ದೋಣಿ ದಡ ಸೇರಿದ ಮೇಲೂ, ಅವರ ದೋಣಿಯಲ್ಲಿ ಹಂಚು ಒಡೆಯುತ್ತಿರಲಿಲ್ಲ ಎಂದು ಊರವರು ಹೇಳುವುದನ್ನು ನಾನೇ ಕೇಳಿದ್ದೇನೆ. ಯಾವ ಭಾರ ಎಲ್ಲಿ ಕೂರಬೇಕು, ಯಾವುದರ ಪಕ್ಕ ಯಾವುದಿರಬೇಕು ಎನ್ನುವುದು ಅವರಿಗೆ ಕಣ್ಣು ಮುಚ್ಚಿದರೂ ಗೊತ್ತು. ನಮ್ಮ ಫ್ರಿಜ್ಜನ್ನು ಕೂಡ ಅವರು ಬಂದ ವಾರವೇ ಖಾಲಿ ಮಾಡಿ ಮತ್ತೆ ಜೋಡಿಸಿದ್ದರು. ಮೊದಲಿಗಿಂತ ಚೆನ್ನಾಗಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಇವರು ಕೆಲಸಕ್ಕಿದ್ದದ್ದು ಒಂದು ಸಣ್ಣ ಕಾಂಟ್ರ್ಯಾಕ್ಟಿಂಗ್ ಕಂಪೆನಿಯಲ್ಲಿ, ಸುಲೈಬಿಯಾದ ಗೋದಾಮಿನ ಉಸ್ತುವಾರಿ. ಅದಕ್ಕೂ ಮೊದಲು ಶುಐಬಾದಲ್ಲಿ ಸೈಟಿನಿಂದ ಸೈಟಿಗೆ ಮಷಿನು ಸಾಗಿಸುವ ಕೆಲಸ ಮಾಡಿದ್ದರು. ಕಂಪೆನಿಯ ಮಾಲೀಕನೇ ನಮ್ಮ ಕಫೀಲ್, ಅಂದರೆ ನಮ್ಮ ವೀಸಾ, ಇಕಾಮಾ ಎನ್ನುವ ವಾಸದ ಪರವಾನಗಿ ಎಲ್ಲದರ ಜವಾಬ್ದಾರಿ ಹೊತ್ತವರು. ಒಳ್ಳೆಯ ಮನುಷ್ಯ. ಚಳಿಗಾಲ ಬಂದರೆ ಕುವೈತಿಗಳೆಲ್ಲ ಮರುಭೂಮಿಯಲ್ಲಿ ಟೆಂಟು ಹಾಕುವ ಹಾಗೆ ಅವರೂ ಮುತ್ಲಾ ದಿಬ್ಬದ ಆಚೆ ಕ್ಯಾಂಪ್ ಹಾಕುತ್ತಿದ್ದರು. ವಯಸ್ಸಾದ ತಾಯಿಗೆ ಮಲಗಲು ಅನುಕೂಲವಾಗಲೆಂದು ಒಂದು ಬಿಳಿ ಕಾರವಾನ್ ಇಟ್ಟುಕೊಂಡಿದ್ದರು. ಕಾರವಾನ್ ಎಂದರೆ ಚಕ್ರದ ಮೇಲೆ ಕೂರಿಸಿದ ಒಂದು ಸಣ್ಣ ಮನೆ. ಅದಕ್ಕೆ ಸ್ವಂತ ಎಂಜಿನ್ ಇಲ್ಲ, ಗಾಡಿಯ ಹಿಂದೆ ಹುಕ್ಕಿಗೆ ಸಿಕ್ಕಿಸಿ ಎಳೆಯಬೇಕು. ಮಾರ್ಚ್ ತಿಂಗಳಲ್ಲಿ ಕ್ಯಾಂಪಿನ ಕಾಲ ಮುಗಿಯುತ್ತದೆ. ಟೆಂಟುಗಳನ್ನು ಆಗಲೇ ಲಾರಿಯಲ್ಲಿ ಸಾಗಿಸಿಯಾಗಿತ್ತು, ಕಾರವಾನ್ ಮತ್ತು ಉಳಿದ ಸಾಮಾನು ಅಲ್ಲೇ ಇತ್ತು. ಶುಕ್ರವಾರ ಅದನ್ನು ಗೋದಾಮಿಗೆ ತಂದು ಹಾಕಲು ಕಫೀಲ್ ಇವರಿಗೆ ಹೇಳಿದ್ದರು.

ಸಾಮಾನ್ಯವಾಗಿ ದೊಡ್ಡ ಗಾಡಿಯೊಂದು ಈ ಕೆಲಸಕ್ಕೆ ಹೋಗುತ್ತಿತ್ತು. ಅದು ಆ ವಾರ ಗ್ಯಾರೇಜಿನಲ್ಲಿತ್ತು. ಉಳಿದದ್ದು ಇವರ ಡಬಲ್ ಕ್ಯಾಬಿನ್ ಪಿಕಪ್, ತೀರ ಸಣ್ಣದಲ್ಲ, ದೊಡ್ಡದು ಅಂತಲೂ ಹೇಳುವ ಹಾಗಿಲ್ಲ. ಎಳೆಯುತ್ತದೆ, ಆದರೆ ಹುಷಾರಾಗಿ ಎಳೆಯಬೇಕು ಎಂದು ಇವರು ರಾತ್ರಿ ಊಟದ ಹೊತ್ತಿಗೆ ಹೇಳಿದ್ದರು. ನಾನು ಹಾಗಾದರೆ ಬೇರೆ ಗಾಡಿ ಸಿಗುವವರೆಗೆ ಕಾಯಲಿ ಎಂದೆ. ಮಾವ ನಡುವೆ ಬಾಯಿ ಹಾಕಿ, ಸಾಮಾನು ತುಂಬಿಸಲು ತಾನೂ ಬರುತ್ತೇನೆ ಎಂದರು. ಅವರ ಮುಖ ಅಷ್ಟು ದಿನಗಳಲ್ಲಿ ಮೊದಲ ಬಾರಿ ಅರಳಿದ್ದನ್ನು ಕಂಡು ಇವರು ಕೂಡಲೇ ಒಪ್ಪಿದರು. ಅಜ್ಜ ಹೋಗುವುದಾದರೆ ತಾನೂ ಎಂದು ಮಗಳು. ಎಲ್ಲರೂ ಹೋದ ಮೇಲೆ ನಾನೊಬ್ಬಳು ಮನೆಯಲ್ಲಿ ಕೂತು ಎಂತ ಮಾಡಲಿ? ಫ್ಲಾಸ್ಕಿನಲ್ಲಿ ಚಹಾ ತುಂಬಿಸಿ, ಮೊಟ್ಟೆ ಪರಾಟ ಸುತ್ತಿ, ನಾನೂ ಹೊರಟೆ.

ಬೆಳಕಾಗುವಷ್ಟರಲ್ಲಿ ಕ್ಯಾಂಪಿನ ಜಾಗ ತಲುಪಿದೆವು. ಟೆಂಟುಗಳಿದ್ದಲ್ಲಿ ಚೌಕ ಚೌಕದ ಗುರುತು ಮಾತ್ರ, ಬೆಂಕಿ ಹಾಕಿದ್ದ ಕಡೆ ಬೂದಿ. ಕಾರವಾನಿನ ಸುತ್ತ ಉಳಿದ ಸಾಮಾನು ರಾಶಿ ಬಿದ್ದಿತ್ತು: ಒಂದು ಜನರೇಟರ್, ನೀರು ತುಂಬಿದ ದೊಡ್ಡ ಕ್ಯಾನುಗಳು, ಟೆಂಟಿನ ಕಬ್ಬಿಣದ ಗೂಟಗಳ ಮೂಟೆ, ಇದ್ದಿಲಿನ ಚೀಲಗಳು, ಗ್ಯಾಸ್ ಸಿಲಿಂಡರ್, ಮತ್ತೆ ಕಾರ್ಪೆಟ್ಟು, ದಿಂಬು, ಹೊದಿಕೆಗಳ ಗುಡ್ಡೆ. ನೀರು ಚೆಲ್ಲಿಬಿಡೋಣ ಎಂದೆ. ಮಾವ ನನ್ನನ್ನು ಒಂದು ನೋಟ ನೋಡಿದರು. ಕುಡಿಯುವ ನೀರನ್ನು ಮರಳಿಗೆ ಚೆಲ್ಲುವುದು ಅವರ ಲೆಕ್ಕದಲ್ಲಿ ಹರಾಮು. ಕ್ಯಾನುಗಳು ಉಳಿದವು.

ಇವರು ಗಾಡಿಯ ಟೈರಿನ ಗಾಳಿ, ಕಾರವಾನಿನ ಟೈರು, ಲೈಟಿನ ವೈರು ನೋಡುತ್ತಿದ್ದ ಹೊತ್ತಿಗೆ ಮಾವ ಲುಂಗಿ ಎತ್ತಿ ಕಟ್ಟಿ ಕೆಲಸ ಶುರು ಮಾಡಿಯಾಗಿತ್ತು. ಹಿಂದಿನ ಬಾಗಿಲು ತೆರೆದು ಜನರೇಟರನ್ನು ಇವರ ಸಹಾಯದಿಂದ ಬಾಗಿಲ ಬುಡದಲ್ಲೇ ಕೂರಿಸಿದರು. ಅದರ ಪಕ್ಕ ಗೂಟದ ಮೂಟೆ, ಇದ್ದಿಲು, ನೀರಿನ ಕ್ಯಾನು, ಎಲ್ಲ ಹಿಂದೆ, ಒತ್ತೊತ್ತಾಗಿ. ಮುಂದಿನ ಅರ್ಧಕ್ಕೆ ದಿಂಬು, ಹೊದಿಕೆ, ಕಾರ್ಪೆಟ್ಟು. ಒಂದು ಸಾಮಾನು ಇನ್ನೊಂದಕ್ಕೆ ತಾಗಿ ಸದ್ದು ಮಾಡದ ಹಾಗೆ ನಡುನಡುವೆ ಬಟ್ಟೆ ತುರುಕಿದರು. ನೋಡಲಿಕ್ಕೆ ಚಂದ ಇತ್ತು. ಮೊಮ್ಮಗಳಿಗೆ ಪಾಠವನ್ನೂ ಹೇಳುತ್ತಿದ್ದರು.

"ಮೂಗು ಯಾವಾಗ್ಲೂ ಹಗುರ ಇರ್ಬೇಕು ಮಗಳೇ. ಮೂಗು ಭಾರ ಆದ್ರೆ ದೋಣಿ ನೀರು ಕುಡೀತದೆ. ಭಾರ ಹಿಂದೆ ಇದ್ರೆ ಮೂಗು ಎತ್ತಿ ಸಲೀಸು ಹೋಗ್ತದೆ."

ನಮ್ಮ ಮನೆಯ ಮಾತು ಬ್ಯಾರಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ಜೋರಾಗಿ ತಲೆಯಾಡಿಸಿದಳು. ಆ ಗುಣ ಅಪ್ಪನದು.

ಇವರು ಕೈ ಒರೆಸಿಕೊಳ್ಳುತ್ತ ಹಿಂದೆ ಬಂದು ಒಳಗೆ ಇಣುಕಿದರು. ತುಂಬ ಹೊತ್ತು ಇಣುಕಿಯೇ ಇದ್ದರು. "ಬಾಪ, ಈ ಜನರೇಟರ್..." ಎಂದರು. ಮಾವ ತಿರುಗಿ ಎಂತ ಎಂದು ಕೇಳಿದರು. ಆ ಹೊತ್ತಿಗೆ ಅವರ ಮುಖದಲ್ಲಿ ಇನ್ನೂ ನಗು ಇತ್ತು, ಹೆಗಲ ಮೇಲೆ ಮೊಮ್ಮಗಳ ಕೈ ಇತ್ತು. ಇವರು ಒಂದು ಕ್ಷಣ ತಡೆದು, ಹಗ್ಗ ಹಾಕಿ ಕಟ್ಟಿದರೆ ಒಳ್ಳೆಯದಿತ್ತು ಅಂತ, ಎಂದು ಹೇಳಿ ಹಗ್ಗ ತರಲು ಹೋದರು.

ಹುಕ್ಕಿಗೆ ಸಿಕ್ಕಿಸುವ ಹೊತ್ತು ಬಂದಾಗ ಮಾವ ಎಲ್ಲರನ್ನೂ ಹತ್ತಿರ ಕರೆದರು. ಕಾರವಾನಿನ ಮುಂದೆ ಚಾಚಿಕೊಂಡಿರುವ ಕಬ್ಬಿಣದ ಮೂತಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯನ್ನು ಬೆನ್ನ ಹಿಂದೆ ಕಟ್ಟಿ, ಮೇಲಕ್ಕೆತ್ತಿದರು. ಒಂದೇ ಕೈಯಲ್ಲಿ ಅಷ್ಟು ದೊಡ್ಡ ಮನೆ ಎದ್ದು ನಿಂತಿತು. ಮಗಳು ಚಪ್ಪಾಳೆ ತಟ್ಟಿ, "ಅಜ್ಜ ಈಸ್ ಸೋ ಸ್ಟ್ರಾಂಗ್" ಎಂದಳು. ನನಗೂ ಹೆಮ್ಮೆಯಾಯಿತು. ಇವರು ಮಾತ್ರ ನಗದೆ, ಗಾಡಿಯ ಹುಕ್ಕಿನ ಗುಂಡಿನ ಮೇಲೆ ಮೂತಿ ಇಳಿಸಿ ಲಾಕ್ ಹಾಕಿದರು, ಚೈನು ಅಡ್ಡಡ್ಡ ಹಾಕಿದರು, ಬಗ್ಗಿ ನೋಡಿದರು, ಮತ್ತೊಮ್ಮೆ ಲಾಕ್ ಎಳೆದು ನೋಡಿದರು. ಇಷ್ಟು ಭಾರ ಸಿಕ್ಕಿಸಿದರೂ ಪಿಕಪ್ಪಿನ ಹಿಂಭಾಗ ಒಂದಿಷ್ಟೂ ತಗ್ಗಿರಲಿಲ್ಲ. ಏನೂ ಕಟ್ಟೇ ಇಲ್ಲವೇನೋ ಎನ್ನುವ ಹಾಗಿತ್ತು. ಅದೊಂದು ಒಳ್ಳೆಯ ಲಕ್ಷಣವೆಂದೇ ನಾನು ತಿಳಿದೆ.

ಈಗ ನನಗೆ ಗೊತ್ತು, ಇದಕ್ಕಿಂತ ಕೆಟ್ಟ ಲಕ್ಷಣ ಇನ್ನೊಂದಿಲ್ಲ. ಎಳೆಯುವ ಗಾಡಿಯ ಮೇಲೆ ಕಾರವಾನಿನ ಮೂಗು ಒಂದಿಷ್ಟು ಭಾರ ಊರಿ ಕೂರಬೇಕು. ಭಾರವೆಲ್ಲ ಹಿಂದೆ ಹೋದರೆ ಅದು ಬಾಲ ಬೀಸುತ್ತದೆ. ಮೊದಲು ಸ್ವಲ್ಪ, ಆಮೇಲೆ ಜೋರು. ಬೀಸುತ್ತ ಬೀಸುತ್ತ ಕೊನೆಗೆ ಮುಂದಿನ ಗಾಡಿಯನ್ನೂ ತಿರುಗಿಸಿ ಮಗುಚಿಬಿಡುತ್ತದೆ. ಅಂಥದೊಂದನ್ನು ಬೆನ್ನಿಗೆ ಕಟ್ಟಿಕೊಂಡು, ಹಿಂದಿನ ಸೀಟಿನಲ್ಲಿ ಎಂಟು ವರ್ಷದ ಮಗಳನ್ನು ಅಜ್ಜನ ಪಕ್ಕ ಕೂರಿಸಿಕೊಂಡು, ನಾವು ಹೊರಟೆವು.

ಮರಳಿನ ದಾರಿಯಲ್ಲಿ ಏನೂ ಆಗಲಿಲ್ಲ. ಹೆದ್ದಾರಿಗೆ ಬಂದ ಮೇಲೂ ಇವರು ಬಲಗಡೆಯ ಲೇನಿನಲ್ಲಿ ನಿಧಾನವಾಗಿ ಹೋಗುತ್ತಿದ್ದರು. ಎರಡೂ ಕೈ ಸ್ಟಿಯರಿಂಗಿನ ಮೇಲೆ, ಕಣ್ಣು ಒಮ್ಮೆ ರಸ್ತೆ, ಒಮ್ಮೆ ಕನ್ನಡಿ. ನಾನು ಪರಾಟ ಬಿಚ್ಚಿ ಕೊಟ್ಟರೆ ಬೇಡ ಎಂದರು. ರೇಡಿಯೊ ಹಾಕಿದರೆ ಆರಿಸಿದರು. ಅಷ್ಟು ಹೊತ್ತಿಗೆ ಗಾಳಿ ಎದ್ದಿತ್ತು. ಮಾರ್ಚಿನ ಗಾಳಿ, ಬಲಗಡೆಯಿಂದ ರಸ್ತೆಗೆ ಅಡ್ಡಲಾಗಿ ಮರಳನ್ನು ಹಾವು ಹರಿದ ಹಾಗೆ ಹರಿಸುತ್ತಿತ್ತು. ಗಾಜಿಗೆ ಮರಳು ಚಟಚಟ ಬಡಿಯುತ್ತಿತ್ತು.

ದೊಡ್ಡ ಲಾರಿಯೊಂದು ಎಡಗಡೆಯಿಂದ ನಮ್ಮನ್ನು ದಾಟಿ ಹೋಯಿತು. ಆಗ ಮೊದಲ ಬಾರಿ ನನ್ನ ಬದಿಯ ಕನ್ನಡಿಯಲ್ಲಿ ಕಾರವಾನಿನ ಬಿಳಿ ಮೂಲೆ ಹೊರಗೆ ಬಂದು, ಒಳಗೆ ಹೋಗಿ, ಮತ್ತೊಮ್ಮೆ ಹೊರಗೆ ಬಂತು. ಯಾರೋ ಹಿಂದಿನಿಂದ ನಮ್ಮ ಗಾಡಿಯ ಸೊಂಟ ಹಿಡಿದು ಅಲ್ಲಾಡಿಸಿದ ಹಾಗಾಯಿತು. ಇದೆಂತ ಎಂದು ಕೇಳಿದೆ. ಗಾಳಿ, ಎಂದಷ್ಟೇ ಹೇಳಿದರು. ಆ ಚಳಿಯಲ್ಲೂ ಅವರ ಕಿವಿಯ ಪಕ್ಕದಲ್ಲಿ ಬೆವರು ಇಳಿಯುವುದು ನನಗೆ ಕಾಣಿಸಿತು.

ಹಿಂದಿನಿಂದ ಮಾವ ಹೊತ್ತು ಕೇಳಿದರು. ಹೇಳಿದೆ. ಹೀಗೆ ಎತ್ತಿನ ಗಾಡಿಯ ಹಾಗೆ ಹೋದರೆ ಜುಮಾ ನಮಾಜು ತಪ್ಪುತ್ತದೆ, ಸ್ವಲ್ಪ ಬೇಗ ಬಿಡು ಎಂದು ಮಗನಿಗೆ ಹೇಳಿದರು. ಊರಲ್ಲಾಗಲಿ ಇಲ್ಲಾಗಲಿ ಶುಕ್ರವಾರದ ಜುಮಾ ಅವರು ಬಿಟ್ಟವರಲ್ಲ. ನಾನು ಇವರ ಕಡೆ ನೋಡಿದೆ. ಇವರು ಕನ್ನಡಿ ನೋಡಿದರು. ಮತ್ತೆ, ನಾನು ಹೇಳುತ್ತೇನೆ ನೋಡಿ, ಆ ಮನುಷ್ಯ ಕಾಲನ್ನು ಒಂದಿಷ್ಟು ಒತ್ತಿದರು. ಬಾಪ ಹೇಳಿದರಲ್ಲ.

ಮುತ್ಲಾ ದಿಬ್ಬದ ಇಳಿಜಾರು ಬಂತು. ಊರಿನ ಘಾಟಿ ಕಂಡವರಿಗೆ ಅದೊಂದು ಇಳಿಜಾರೇ ಅಲ್ಲ. ಆದರೆ ಬೆನ್ನಿಗೆ ಮನೆ ಕಟ್ಟಿಕೊಂಡವರಿಗೆ ಅದು ಬೇರೆ. ಕೆಳಗೆ ದೂರದಲ್ಲಿ ಜಹ್ರಾದ ಮನೆಗಳು ಧೂಳಿನಲ್ಲಿ ಮಸುಕಾಗಿ ಕಾಣುತ್ತಿದ್ದವು. ಇವರು ಕಾಲು ತೆಗೆದರೂ ಕಾರವಾನ್ ಹಿಂದಿನಿಂದ ದೂಡುತ್ತಿತ್ತು. ಆಗಲೇ ನೀರಿನ ಟ್ಯಾಂಕರೊಂದು ಹಾರ್ನ್ ಹೊಡೆಯುತ್ತ ಎಡಗಡೆಗೆ ಬಂತು. ಅದು ದಾಟುವಾಗ ನಮ್ಮನ್ನು ಒಮ್ಮೆ ತನ್ನ ಕಡೆಗೆ ಎಳೆದುಕೊಂಡಂತಾಯಿತು. ದಾಟಿದ ಮರುಕ್ಷಣ ಬಲಗಡೆಯ ಗಾಳಿ ಪೂರ್ತಿ ಬಂದು ಬಡಿಯಿತು.

ಕನ್ನಡಿಯಲ್ಲಿ ಬಿಳಿ ಗೋಡೆ ಬಂತು. ಮೂಲೆಯಲ್ಲ, ಇಡೀ ಗೋಡೆ. ಅದು ಹೋಯಿತು, ಗಾಡಿಯ ಹಿಂಭಾಗ ಎಡಕ್ಕೆ ಎಗರಿತು, ಅದು ಮತ್ತೆ ಬಂತು, ಮೊದಲಿಗಿಂತ ಅಗಲವಾಗಿ. ಟೈರು ಕಿರುಚುವ ಸದ್ದು. ಕಾರವಾನಿನೊಳಗೆ ದಡದಡ ಎಂದು ಏನೋ ಜಾರಿ ಬಡಿಯಿತು. ನನ್ನ ಮಡಿಲಿನ ಫ್ಲಾಸ್ಕು ಕಾಲ ಬುಡಕ್ಕೆ ಬಿದ್ದು ಚಹಾ ಚೆಲ್ಲಿತು. ನಾವು ಲೇನಿನಿಂದ ಹೊರಗೆ, ಒಳಗೆ, ಹೊರಗೆ. ಹಿಂದೆ ಮಗಳು ಅಳುತ್ತಿಲ್ಲ ಎನ್ನುವುದೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು. ತಿರುಗಿ ನೋಡಿದರೆ ಮಾವ ಅವಳ ತಲೆಯನ್ನು ತಮ್ಮ ಎದೆಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಮುಂದಿನ ಸೀಟು ಹಿಡಿದಿದ್ದರು.

ಬ್ರೇಕ್ ಹಾಕಿ ಎಂದು ನಾನು ಕೂಗಿದೆ. ಇವರು ಹಾಕಲಿಲ್ಲ.

"ಬ್ರೇಕ್ ಹಾಕು ಮಗಾ" ಎಂದರು ಮಾವ. ಅಪ್ಪಣೆಯ ಧ್ವನಿ ಅದು, ಹೊಳೆಯಲ್ಲಿ ಆಳುಗಳಿಗೆ ಕೇಳಿಸುತ್ತಿದ್ದ ಧ್ವನಿ. ಇವರು ಆಗಲೂ ಹಾಕಲಿಲ್ಲ. ಕಾಲನ್ನು ಎರಡೂ ಪೆಡಲುಗಳಿಂದ ಎತ್ತಿ ಹಿಂದಕ್ಕೆ ಮಡಚಿಕೊಂಡಿದ್ದರು. ಸ್ಟಿಯರಿಂಗನ್ನು ಅತ್ತ ತಿರುಗಿಸಲಿಲ್ಲ, ಇತ್ತ ತಿರುಗಿಸಲಿಲ್ಲ. ಎದುರಿನ ರಸ್ತೆಯ ಗೆರೆಯನ್ನೇ ನೋಡುತ್ತ, ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿ, ನೆಟ್ಟಗೆ ಹಿಡಿದು ಕೂತರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ದುಆ ಓದುತ್ತಿದ್ದರೋ ಏನೋ, ನನಗೆ ಕೇಳಿಸಲಿಲ್ಲ. ಬ್ರೇಕಿಗೆ ಕಾಲು ಹೋಗದ ಗಂಡನ ಮೇಲೆ ಆ ಕ್ಷಣ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಗಳನ್ನು ಕೊಲ್ಲುತ್ತಿದ್ದಾರೆ ಎಂದೇ ನಾನು ಭಾವಿಸಿದ್ದೆ.

ಗೋಡೆ ಬಂತು, ಹೋಯಿತು. ಬಂತು, ಹೋಯಿತು. ಮುಂದಿನ ಸಲ ಬಂದಾಗ ಅರ್ಧ ಗೋಡೆ ಮಾತ್ರ ಇತ್ತು. ಆಮೇಲೆ ಮೂಲೆ. ಇಳಿಜಾರು ಮುಗಿದು ರಸ್ತೆ ಸಮ ಆಗುತ್ತಿದ್ದಂತೆ ಗಾಡಿಯ ವೇಗ ತಾನಾಗಿ ಸತ್ತಿತು. ಆಮೇಲಷ್ಟೇ ಇವರು ಕಾಲನ್ನು ಬ್ರೇಕಿನ ಮೇಲೆ ಇಟ್ಟು, ಮೊಟ್ಟೆಯ ಮೇಲೆ ಇಟ್ಟ ಹಾಗೆ ಇಟ್ಟು, ರಸ್ತೆಯ ಪಕ್ಕದ ಅಗಲವಾದ ಮರಳಿಗೆ ಇಳಿಸಿ ನಿಲ್ಲಿಸಿದರು.

ಗಾಡಿಗಳು ಸುಯ್ಯೆಂದು ಹೋಗುತ್ತಿದ್ದವು, ಪ್ರತಿ ಗಾಡಿಗೂ ನಮ್ಮ ಪಿಕಪ್ ಸಣ್ಣಗೆ ನಡುಗುತ್ತಿತ್ತು. ಇವರ ಕೈ ಸ್ಟಿಯರಿಂಗನ್ನು ಬಿಡಲೇ ಇಲ್ಲ, ನಾನು ಒಂದೊಂದೇ ಬೆರಳು ಬಿಡಿಸಬೇಕಾಯಿತು. ಮಗಳು ಅಜ್ಜನ ಎದೆಯಿಂದ ಮುಖ ಎತ್ತಿ, "ಆರ್ ವಿ ಹೋಮ್" ಎಂದು ಕೇಳಿದಳು. ಆಗ ನನಗೆ ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು. ಮಾವನಿಗೂ ಮಗನಿಗೂ ಒಟ್ಟಿಗೆ ಹೇಳಬೇಕಾದ್ದನ್ನೆಲ್ಲ ನಾಲಿಗೆಯ ಮೇಲೆ ಜೋಡಿಸಿಕೊಂಡು ಬಾಯಿ ತೆರೆಯುವಷ್ಟರಲ್ಲಿ, ಮಾವ ಬಾಗಿಲು ತೆರೆದು ಇಳಿದರು.

ಇವರೂ ಇಳಿದರು. ಮಗಳಿಗೆ ಸೀಟು ಬಿಟ್ಟು ಅಲ್ಲಾಡಬೇಡ ಎಂದು ಹೇಳಿ ನಾನೂ ಇಳಿದೆ. ಮಾವ ಕಾರವಾನಿನ ಸುತ್ತ ಒಂದು ಸುತ್ತು ಬಂದರು. ಚಕ್ರ ಮುಟ್ಟಿ ನೋಡಿದರು, ಕೈ ಸುಟ್ಟಿತೇನೋ, ತೆಗೆದರು. ಮತ್ತೆ ಹುಕ್ಕಿನ ಹತ್ತಿರ ಬಂದು ನಿಂತು, ಅದನ್ನು ಬಿಡಿಸು ಎಂದು ಕೈಸನ್ನೆ ಮಾಡಿದರು. ಇವರು ಚಕ್ರಕ್ಕೆ ಕಲ್ಲು ಕೊಟ್ಟು, ಚೈನು ತೆಗೆದು, ಲಾಕ್ ಬಿಡಿಸಿದರು. ಲಾಕ್ ಬಿಟ್ಟಿತೋ ಇಲ್ಲವೋ, ಯಾರೂ ಮುಟ್ಟದೆ ಕಾರವಾನಿನ ಮೂತಿ ತಾನಾಗಿ ಮೇಲೆದ್ದಿತು. ಬೆಳಿಗ್ಗೆ ಅದಕ್ಕೆ ಒಂದು ಕೈಯಾದರೂ ಬೇಕಿತ್ತು. ಕ್ಯಾನುಗಳೆಲ್ಲ ಜಾರಿ ಇನ್ನಷ್ಟು ಹಿಂದಕ್ಕೆ ಹೋಗಿ ಸೇರಿದ್ದರಿಂದ ಈಗ ಅದೂ ಬೇಡವಾಗಿತ್ತು. ಕಾರವಾನ್ ಅಂಡೂರಿ ಆಕಾಶ ನೋಡುತ್ತ ನಿಂತಿತು.

ಮಾವ ಆ ಮೂತಿಯನ್ನೇ ನೋಡಿದರು. ಲುಂಗಿ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಹೇಳಿದರು.

"ದೋಣಿಯಲ್ಲಿ ಹಿಂದೆ ನಾನು ಕೂತಿರ್ತಿದ್ದೆ, ಹುಟ್ಟು ಹಿಡ್ಕೊಂಡು. ಇದರ ಹಿಂದೆ ಯಾರಿದ್ದಾರೆ?"

ಇವರು ನೆಲ ನೋಡುತ್ತ ನಿಂತಿದ್ದರು, ಯಾವತ್ತಿನ ಹಾಗೆ. ಮಾವ ಮಗನ ಕಡೆ ತಿರುಗಿದರು. ಬ್ರೇಕ್ ಹಾಕು ಎಂದೆನಲ್ಲ, ಯಾಕೆ ಹಾಕಲಿಲ್ಲ ಎಂದು ಕೇಳಿದರು. ಗದರಿಸಿದ್ದಲ್ಲ, ನಿಜವಾಗಿ ತಿಳಿಯಲಿಕ್ಕೆಂದೇ ಕೇಳಿದ್ದು. ಬಾಲ ಬೀಸುವಾಗ ಬ್ರೇಕ್ ಹಾಕಿದರೆ ಅದು ನಮ್ಮನ್ನು ಮಡಚಿ ಹಾಕುತ್ತದೆ, ಶುಐಬಾದಲ್ಲಿ ಕಂಪ್ರೆಸರ್ ಎಳೆಯುವಾಗ ಕಲಿತದ್ದು ಎಂದು ಇವರು ಮೆಲ್ಲಗೆ ಹೇಳಿದರು.

ಮಾವ ಮಗನ ಹತ್ತಿರ ಬಂದು ನಿಂತರು.

"ಅಂದ್ರೆ ಇದರ ವಿಷಯ ನಿನಗೆ ಗೊತ್ತುಂಟು."

ಇವರು ತಲೆಯಾಡಿಸಿದರು.

"ಭಾರ ಹಿಂದೆ ಇಟ್ಟದ್ದು ತಪ್ಪು ಅಂತಲೂ ಗೊತ್ತಿತ್ತು."

"ಗೊತ್ತಿತ್ತು ಬಾಪ."

ಅಷ್ಟು ಹೊತ್ತು ಮಾವನಿಗೆಂದು ಜೋಡಿಸಿಟ್ಟಿದ್ದ ಮಾತುಗಳೆಲ್ಲ ಎಲ್ಲಿ ಹೋದವೋ. ಬೆಳಿಗ್ಗೆ ಹಿಂದಿನ ಬಾಗಿಲಲ್ಲಿ ತುಂಬ ಹೊತ್ತು ಇಣುಕಿದ್ದು, ಜನರೇಟರ್ ಎಂದು ಶುರು ಮಾಡಿ ಹಗ್ಗಕ್ಕೆ ಬಂದು ನಿಲ್ಲಿಸಿದ್ದು, ಪರಾಟ ಬೇಡ ಎಂದದ್ದು, ಕಿವಿಯ ಪಕ್ಕದ ಬೆವರು, ಎಲ್ಲ ಒಂದೇ ಸಲಕ್ಕೆ ನನಗೆ ಅರ್ಥವಾಯಿತು. ಈ ಮನುಷ್ಯ ಗೊತ್ತಿದ್ದೂ ಗೊತ್ತಿದ್ದೂ ನಮ್ಮನ್ನು ಕೂರಿಸಿಕೊಂಡು ಹೊರಟಿದ್ದರು. ಮಾವ ಬೇಗ ಬಿಡು ಎಂದಾಗ ಗೊತ್ತಿದ್ದೇ ಕಾಲು ಒತ್ತಿದ್ದರು.

ಯಾಕೆ ಹೇಳಲಿಲ್ಲ ಎಂದು ಮಾವ ಕೇಳಿದರು. ಇವರು ನೆಲ ನೋಡುತ್ತಲೇ ಉತ್ತರ ಕೊಟ್ಟರು.

"ನೀವು ಅಷ್ಟು ಖುಷಿಯಲ್ಲಿ ಇದ್ರಿ. ಅವಳು ಬೇರೆ ನೋಡ್ತಾ ಇದ್ಲು."

ಮಾವ ತಲೆ ಎತ್ತಿ ಪಿಕಪ್ಪಿನ ಕಡೆ ನೋಡಿದರು. ಹಿಂದಿನ ಗಾಜಿಗೆ ಮೂಗು ಒತ್ತಿ ಮಗಳು ನಮ್ಮನ್ನೇ ನೋಡುತ್ತಿದ್ದಳು. ಅಜ್ಜ ನೋಡಿದ್ದೇ ತಡ, ಕೈ ಬೀಸಿದಳು. ಮಾವನೂ ಕೈ ಎತ್ತಿದರು, ಆದರೆ ಬೀಸಲಿಕ್ಕಾಗಲಿಲ್ಲ, ಹಾಗೇ ಇಳಿಸಿದರು.

"ನನ್ನ ಖುಷಿಗೆ ಅವಳನ್ನು ಕೊಡ್ಲಿಕ್ಕೆ ಹೊರಟಿದ್ದಿಯಾ?"

ಇವರು ಅತ್ತರು. ರಸ್ತೆಯ ಬದಿಯಲ್ಲಿ, ಹೋಗುವ ಬರುವವರೆಲ್ಲ ನೋಡುತ್ತಿರುವಾಗ, ಸಣ್ಣ ಮಗುವಿನ ಹಾಗೆ ಮುಖ ಮುಚ್ಚಿಕೊಳ್ಳದೆ ಅತ್ತರು. ನಾನು ಹತ್ತಿರ ಹೋಗಲಿಲ್ಲ. ಹೋಗಬೇಕು ಅನ್ನಿಸಲಿಲ್ಲ, ಅಷ್ಟು ಕೋಪ ಇತ್ತು ನನಗೆ. ಮಾವನೂ ಮಗನನ್ನು ಸಮಾಧಾನ ಮಾಡಲಿಲ್ಲ. ಲುಂಗಿಯನ್ನು ಎತ್ತಿ ಕಟ್ಟಿ, ಕಾರವಾನಿನ ಹಿಂದಿನ ಬಾಗಿಲು ತೆರೆದು, ಮೊದಲ ಕ್ಯಾನನ್ನು ಹೊರಗೆ ಎಳೆದರು.

ಎಲ್ಲವನ್ನೂ ಇಳಿಸಿ ಮತ್ತೆ ತುಂಬಿಸಿದೆವು. ಮರಳು ಬಾಯಿಗೂ ಕಣ್ಣಿಗೂ ಹೋಗುತ್ತಿತ್ತು. ಜನರೇಟರನ್ನು ಮೂವರೂ ಸೇರಿ ದೂಡಿ ಚಕ್ರದಿಂದ ಸ್ವಲ್ಪ ಮುಂದಕ್ಕೆ ತಂದು ಕಟ್ಟಿದೆವು. ಗೂಟದ ಮೂಟೆ ಅದರ ಮುಂದೆ ಬಂತು, ಇದ್ದಿಲು ಅದರ ಬದಿಗೆ, ದಿಂಬು ಹೊದಿಕೆಗಳು ಹಿಂದಕ್ಕೆ ಹೋದವು. ಜಹ್ರಾದ ಕಡೆಯಿಂದ ಜುಮಾದ ಬಾಂಗು ಗಾಳಿಯಲ್ಲಿ ತುಂಡು ತುಂಡಾಗಿ ಕೇಳಿಸಿತು. ಮಾವ ಒಂದು ಗಳಿಗೆ ನಿಂತು ಅದನ್ನು ಪೂರ್ತಿ ಕೇಳಿದರು. ಮತ್ತೆ ಬಗ್ಗಿ ಕ್ಯಾನು ಎತ್ತಿದರು. ಜುಮಾ ತಪ್ಪಿತು ಎಂದು ಅವರು ಒಂದು ಮಾತೂ ಆಡಲಿಲ್ಲ.

ಕೆಲವು ಕ್ಯಾನುಗಳು ಇನ್ನೂ ಹೊರಗಿರುವಾಗ, ಸಾಕು ಎಂದು ನನಗೆ ಅನ್ನಿಸಿತು. ಕಾರವಾನಿನ ಮೂತಿ ಆಗಲೇ ಕೆಳಗೆ ಇಳಿದು ತನ್ನ ಅಡಿಗಿರುವ ಸಣ್ಣ ಚಕ್ರದ ಮೇಲೆ ಕೂತಿತ್ತು. ಮಾವ ಅದರ ಹತ್ತಿರ ನಿಂತು, ಈ ಸಲ ತಾವು ಮುಟ್ಟದೆ, ಮಗನನ್ನು ಕರೆದರು. ಎತ್ತಿ ನೋಡು ಎಂದರು. ಇವರು ಎರಡೂ ಕೈ ಹಾಕಿ ಎತ್ತಿದರು. ಮೂತಿ ಸ್ವಲ್ಪ ಎದ್ದಿತು, ಇಳಿಸಿದರು.

"ಈಗ ಹೇಳು" ಎಂದರು ಮಾವ.

ಇವರು ನೆಲ ನೋಡಿದರು. ಮಾವ ಕಾದರು. ನಾನೂ ಕಾದೆ. ಈಗಲೂ ಈ ಮನುಷ್ಯ ಸಾಕು ಬಾಪ ಎಂದು ಬಿಟ್ಟರೆ ನಾನು ಮಗಳ ಕೈ ಹಿಡಿದು ಜಹ್ರಾದವರೆಗೆ ನಡೆದೇ ಹೋಗುತ್ತೇನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಇವರು ತಲೆ ಎತ್ತಿದರು. ಬಾಪನ ಮುಖ ನೋಡಿದರು, ಕಣ್ಣಿಗೆ ಕಣ್ಣು ಕೊಟ್ಟು.

"ಸಾಲದು ಬಾಪ. ನೀವು ಇಟ್ಟದ್ದು ಇನ್ನೂ ಹಿಂದೆ ಉಂಟು. ಮುಂದೆ ಬರ್ಬೇಕು."

ಮಾವ ಆಯಿತು ಎಂದರು. ತುಂಬಿದ ಕ್ಯಾನೊಂದನ್ನು ಎತ್ತಿ, ಎಲ್ಲಿ ಇಡಬೇಕು ಎಂದು ಮಗನನ್ನು ಕೇಳಿದರು. ಇವರು ಜಾಗ ತೋರಿಸಿದರು. ಅವರು ಅಲ್ಲೇ ಇಟ್ಟರು.